ಒಂದು ವರ್ಷದ ಫೀಸು ಸಾಕಾಗುವುದಿಲ್ಲ ಗೆಳೆಯಾ

ದಕ್ಷಿಣ ಕೊಡಗಿನಿಂದ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿ ತುಂಬಾ ಖುಷಿಯಾಯಿತು. ಮನೆಯವರ ಆಸರೆ ಇಲ್ಲದ ಮಕ್ಕಳ ಹೋಮಿನಲ್ಲಿರುವ ಒಬ್ಬ ಹುಡುಗನ ಒಂದು ವರ್ಷದ ಫೀಸು ಕಟ್ಟುತ್ತೇನೆ, ಎಷ್ಟಾಗುತ್ತದೆ ಹೇಳು ಅಂದಿದ್ದೀಯ. ಫೋನಿನಲ್ಲೇ ಒಂದು ಮೊತ್ತ ಹೇಳಿ ಮುಗಿಸಬಹುದಿತ್ತು. ಮನಸ್ಸು ಬರಲಿಲ್ಲ. ಈ ಪ್ರಶ್ನೆಯನ್ನು ಬೇರೆಯವರೂ ಕೇಳುತ್ತಿರುತ್ತಾರೆ, ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಮಕ್ಕಳ ಗುರುತು ಸಿಗಬಾರದು ಅಂತ ಊರಿನ ಹೆಸರು ಬಿಟ್ಟಿದ್ದೇನೆ.

ನಮ್ಮದು ಸರ್ಕಾರಿ ಶಾಲೆ ಅಂತ ನಿನಗೆ ಗೊತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಕ್ಕಳಿಗೆ ಇಲ್ಲಿ ಫೀಸೇ ಇಲ್ಲ. ಪುಸ್ತಕ ಕೊಡುತ್ತಾರೆ, ಹತ್ತನೇ ಕ್ಲಾಸಿನವರೆಗೂ ಬಿಸಿಯೂಟ ಇದೆ. ಮತ್ತೆ ಖರ್ಚೇನು ಅಂತೀಯಾ? ಜೂನ್ ಕೊನೆಗೆ ಬಂದು ನೋಡು. ಮಳೆ ಹಿಡಿದರೆ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಎರಡು ಜೊತೆ ಯೂನಿಫಾರ್ಮ್ ಇದ್ದರೂ ಸಾಲದು. ಶೂ ಒಳಗೆ ಹಳೇ ಪೇಪರ್ ತುರುಕಿ ಒಲೆ ಪಕ್ಕ ಇಟ್ಟಿರುತ್ತಾರೆ. ಬೆಳಿಗ್ಗೆ ಆ ಒದ್ದೆ ಪೇಪರ್ ತೆಗೆದು ಅದನ್ನೇ ಹಾಕಿಕೊಂಡು ಬರುತ್ತಾರೆ. ಕ್ಲಾಸಿನಲ್ಲಿ ಹೊಗೆ ವಾಸನೆ ಬಂದರೆ ಯಾರ ಶೂ ಅಂತ ನನಗೆ ಗೊತ್ತಾಗುತ್ತದೆ. ಕೊಡೆ, ಬಸ್ಸಿನ ದುಡ್ಡು, ಟ್ಯೂಷನ್, ಝೆರಾಕ್ಸ್, ಇವೆಲ್ಲ ಬೇರೆ.

ಹೋದ ವರ್ಷ ಶಾಲಾ ಪ್ರವಾಸಕ್ಕೆ ಹೆಸರು ಬರೆಸಿಕೊಳ್ಳುತ್ತಿದ್ದೆ. ಹೋಮಿನಿಂದ ಬರುವ ಒಬ್ಬ ಹುಡುಗ ಹೆಸರು ಕೊಡಲಿಲ್ಲ. ಯಾಕೋ ಅಂದರೆ, "ಬಸ್ಸು ಹತ್ತಿದರೆ ವಾಂತಿ ಬರುತ್ತೆ ಸಾರ್" ಅಂದ. ನಾನು ನಂಬಿದೆ. ಆಮೇಲೊಮ್ಮೆ ವಿಜ್ಞಾನ ಪ್ರದರ್ಶನಕ್ಕೆ ಮಡಿಕೇರಿಗೆ ಕರೆದುಕೊಂಡು ಹೋದೆ. ಅಷ್ಟೊಂದು ತಿರುವಿನ ದಾರಿಯಲ್ಲಿ ಕಿಟಕಿ ಪಕ್ಕ ಕೂತು ಹಾಡುತ್ತಾ ಬಂದ. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹೋಮಿನಲ್ಲಿ ಕೇಳಿದ್ದರೆ ಕೊಡುತ್ತಿದ್ದರೇನೋ. ಅವನು ಕೇಳಿಯೇ ಇರಲಿಲ್ಲ. ಬೇರೆ ಮಕ್ಕಳು ಅಪ್ಪನ ಹತ್ತಿರ ಹಟ ಮಾಡಿ ದುಡ್ಡು ಇಸ್ಕೊಂಡು ಬರುತ್ತಾರೆ. ಇವನು ಯಾರ ಹತ್ತಿರ ಹಟ ಮಾಡಬೇಕು ಹೇಳು?

ಸರ್ಕಾರ ಏನೂ ಕೊಡುವುದಿಲ್ಲ ಅಂತಲ್ಲ. ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಬೇರೆ ಕುಟುಂಬದಲ್ಲಿ ಬೆಳೆಯುವ ಮಗುವಿಗೆ ಮಿಷನ್ ವಾತ್ಸಲ್ಯ ಅನ್ನುವ ಮಕ್ಕಳ ರಕ್ಷಣಾ ಯೋಜನೆಯಲ್ಲಿ ತಿಂಗಳಿಗೆ 4000 ರೂಪಾಯಿ ಇದೆ. ನನ್ನ ಕ್ಲಾಸಿನ ಒಬ್ಬಳು ಹಾಗೇ ಒಂದು ಮನೆಯಲ್ಲಿದ್ದಾಳೆ. ಆ ಮನೆಯ ಅಕ್ಕ ಹೇಳಿದರು, "ದುಡ್ಡು ಬರುತ್ತೆ ಸಾರ್, ಆದರೆ ಕೆಲವು ಸಲ ನಾಲ್ಕು ತಿಂಗಳದ್ದು ಒಟ್ಟಿಗೆ. ಶಾಲೆ ಜೂನ್‌ನಲ್ಲೇ ಶುರುವಾಗುತ್ತಲ್ವಾ." ಜೂನ್ ಅಂದರೆ ಇಲ್ಲಿ ಸಣ್ಣ ಬೆಳೆಗಾರರ ಕೈ ಖಾಲಿ ಇರುವ ಕಾಲ. ಕಾಫಿ, ಮೆಣಸು ಮಾರಿದ ದುಡ್ಡು ಅಷ್ಟೊತ್ತಿಗೆ ಕರಗಿರುತ್ತದೆ. ಅವರು ಅಂಗಡಿಯಲ್ಲಿ ಸಾಲ ಹೇಳಿ ಅವಳಿಗೆ ಬ್ಯಾಗು ಕೊಡಿಸಿದರು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಚಿಕ್ಕ ಮಕ್ಕಳಿಗೆ ಕೊಡುವವರು ಹೇಗೋ ಸಿಗುತ್ತಾರೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಯಾರೂ ಇರುವುದಿಲ್ಲ. 18 ತುಂಬಿದರೆ ಹೋಮ್ ಬಿಡಬೇಕು. ನಮ್ಮ ಕಡೆ ಅಪ್ಪ ಅಮ್ಮ ತೋಟದಿಂದ ತೋಟಕ್ಕೆ ಕೆಲಸಕ್ಕೆ ಹೋಗುವಾಗ ಎಷ್ಟೋ ಮಕ್ಕಳಿಗೆ ಒಂದೆರಡು ವರ್ಷ ಶಾಲೆ ತಪ್ಪಿರುತ್ತದೆ. ಹಾಗಾಗಿ ಪಿಯುಸಿ ನಡುವೆಯೇ 18 ತುಂಬಿಬಿಡುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಮಿನಲ್ಲಿ ಆಮೇಲೂ ನೆರವು ಕೊಡಲು ಅವಕಾಶವಿದೆ, ಸಾಮಾನ್ಯವಾಗಿ 21ರವರೆಗೆ. ಅದಕ್ಕೆ ಅರ್ಜಿ ಹಾಕಬೇಕು, ಓಡಾಡಬೇಕು, ಜೊತೆಗೊಬ್ಬರು ದೊಡ್ಡವರು ಬೇಕು.

ನಮ್ಮ ಶಾಲೆಯಲ್ಲಿ ಗಣಿತಕ್ಕೆ 91 ತೆಗೆದ ಒಬ್ಬ ಹುಡುಗ ಹೀಗೇ ಪಿಯುಸಿ ಅರ್ಧಕ್ಕೆ ಬಿಟ್ಟ. ಈಗ ಗೋಣಿಕೊಪ್ಪದಲ್ಲಿ ಲೋಡಿಂಗ್ ಕೆಲಸ. ನನ್ನನ್ನು ಕಂಡರೆ ಕೈಗೆ ಮೆತ್ತಿದ ಸಿಮೆಂಟ್ ಪ್ಯಾಂಟಿಗೆ ಒರೆಸಿಕೊಂಡು ನಮಸ್ಕಾರ ಹೇಳುತ್ತಾನೆ. ಅವನಿಗೆ ನಾನು ಸರಿಯಾದ ಹೊತ್ತಿಗೆ ಯಾರನ್ನೂ ಹುಡುಕಿಕೊಡಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಈ ವರ್ಷದ ಫೀಸು ಬೇಡ. ಆ ಬಸ್ಸಿನ ಹುಡುಗ ಈಗ ಹತ್ತನೇ ಕ್ಲಾಸು. ಕುಶಾಲನಗರದಲ್ಲಿ ಡಿಪ್ಲೊಮಾ ಓದಬೇಕು ಅಂತಾನೆ. ಮೂರು ವರ್ಷ. ನೀನು ಕೊಡಬೇಕೆಂದಿರುವ ದುಡ್ಡನ್ನೇ ಮೂರು ಪಾಲು ಮಾಡು, ಬೇಕಾದರೆ ಕಡಿಮೆಯೇ ಕೊಡು. ಆದರೆ ಮೂರು ವರ್ಷವೂ ಇರು. ಫೀಸನ್ನು ಸೀದಾ ಕಾಲೇಜಿಗೇ ಕಟ್ಟು. ಹಾಸ್ಟೆಲ್ಲು, ಬಸ್ಸು, ಡ್ರಾಯಿಂಗ್ ಸಾಮಾನಿಗೆ ಸ್ವಲ್ಪ ತೆಗೆದಿಡು. ರಜಾದಲ್ಲಿ ಅವನು ಎಲ್ಲಿರುತ್ತಾನೆ ಅಂತ ಒಂದು ಫೋನ್ ಮಾಡಿ ಕೇಳು, ಅಷ್ಟು ಸಾಕು.

ಫೋಟೋ ಕೇಳಿದ್ದೆಯಲ್ಲ, ಅದನ್ನು ಮಾತ್ರ ಕಳಿಸಲ್ಲ, ಬೇಜಾರು ಮಾಡ್ಕೋಬೇಡ. ಇಂಥ ಮಕ್ಕಳ ಹೆಸರು, ಫೋಟೋ ಹೊರಗೆ ಹಾಕಬಾರದು ಅಂತ ಅದೇ ಕಾಯ್ದೆಯ 74ನೇ ಕಲಮು ಹೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ನಾನು ಕಳಿಸುತ್ತಿರಲಿಲ್ಲ. ಅವನಿಗೂ ಕ್ಲಾಸಿನಲ್ಲಿ ಗೆಳೆಯರಿದ್ದಾರೆ.

ಯೋಚನೆ ಮಾಡಿ ಫೆಬ್ರವರಿ ಒಳಗೆ ಹೇಳು. ರಿಸಲ್ಟ್ ಬಂದರೆ ಅಡ್ಮಿಷನ್‌ಗೆ ಜಾಸ್ತಿ ದಿನ ಇರುವುದಿಲ್ಲ. ನೀನು ಹೂಂ ಅಂದರೆ ಅವನಿಗೆ ಪರೀಕ್ಷೆಗೆ ಮೊದಲೇ ಹೇಳಿಬಿಡುತ್ತೇನೆ.

ನಿನ್ನ
ಮೇಷ್ಟ್ರು ಗೆಳೆಯ