ತೂಕದ ಚೀಟಿ ಕೇಳುವ ಹಾಗೆ ಕೇಳು

ಶ್ರೀನಿವಾಸಪುರ

ಚಿರಂಜೀವಿ ಪುಟ್ಟನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ದುಬೈಗೆ ವೈರ್‌ಮನ್ ಕೆಲಸಕ್ಕೆ ಹೊರಟಿದ್ದೀಯ ಅಂತ ಅಕ್ಕ ಹೇಳಿದಳು. ಕೋಲಾರದಲ್ಲಿ ಯಾರೋ ಏಜೆಂಟು ಎಂಬತ್ತು ಸಾವಿರ ಕೇಳಿದ್ದಾನಂತೆ. ಮೊದಲು ವಿಸಿಟ್ ವೀಸಾದಲ್ಲಿ ಹೋಗು, ಆಮೇಲೆ ಬದಲಾಯಿಸೋಣ ಅಂದನಂತೆ. ಅದು ಕೇಳಿಯೇ ನನ್ನ ಎದೆ ಧಸಕ್ಕೆಂದಿತು.

1998ರಲ್ಲಿ ನಾನು ಮಸ್ಕತ್‌ಗೆ ಹೋಗಿದ್ದು ನಿನಗೆ ಗೊತ್ತು. ಹನ್ನೊಂದೇ ತಿಂಗಳಿಗೆ ಯಾಕೆ ವಾಪಸ್ ಬಂದೆ ಅಂತ ಯಾರಿಗೂ ಹೇಳಿಲ್ಲ. ಇಲ್ಲಿ ಡ್ರೈವರ್ ಕೆಲಸ ಅಂದಿದ್ದರು. ಅಲ್ಲಿ ಇಳಿದರೆ ಕಾಗದದಲ್ಲಿ ಹೆಲ್ಪರ್ ಅಂತಿತ್ತು, ಸಂಬಳ ಅರ್ಧ. ಅರಬ್ಬಿ ಕಾಗದಕ್ಕೆ ಸುಮ್ನೆ ಸಹಿ ಹಾಕಿದ್ದೆ. ಮಾವಿನ ಮಂಡಿಯಲ್ಲಿ ತೂಕದ ಚೀಟಿ ಇಲ್ಲದೆ ಒಂದು ಕ್ರೇಟ್ ಬಿಡದವನು ನಾನು! ನಾಚಿಕೆಗೆ ಬಾಯಿ ಬಿಡಲಿಲ್ಲ.

ಹಾಗಂತ ಎಲ್ಲ ನೀನೇ ಮಾಡಿಕೋ ಅನ್ನುತ್ತಿಲ್ಲ. ತಿಳಿದವರ ಸಹಾಯ ಬೇಕು, ಅದಕ್ಕೆ ದುಡ್ಡೂ ಕೊಡಬೇಕು. ಆದರೆ ಅವರಿಗೆ ಕೇಂದ್ರ ಸರ್ಕಾರದ ಲೈಸೆನ್ಸ್ ಇರಬೇಕು. ಇದ್ದರೆ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹೆಸರು ಸಿಗುತ್ತದೆ. ಅವರ ಫೀಸು 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಅದಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ರಸೀದಿ ಬಿಡಬೇಡ. ವೀಸಾ, ವರ್ಕ್ ಪರ್ಮಿಟ್ ಖರ್ಚು ಅಲ್ಲಿನ ಕಾನೂನಿನಂತೆ ಕಂಪನಿಯದ್ದು.

ನೀನು ಎಸ್ಸೆಸ್ಸೆಲ್ಸಿ ಪಾಸಾಗಲಿಲ್ಲ, ಹಾಗಾಗಿ ನಿನ್ನದು ಇಸಿಆರ್ ಪಾಸ್‌ಪೋರ್ಟ್, ಅಂದರೆ ಕೆಲಸಕ್ಕೆ ಹೊರಡುವ ಮುಂಚೆ ನಮ್ಮ ಸರ್ಕಾರದ ಒಪ್ಪಿಗೆ ಬೇಕಾದ್ದು. ಎಮಿಗ್ರೇಶನ್ ಕ್ಲಿಯರೆನ್ಸ್ ಅನ್ನುವ ಆ ಒಪ್ಪಿಗೆ ಇಲ್ಲದೆ ದುಬೈಗೆ ಕೆಲಸಕ್ಕೆ ಹೋಗುವಂತಿಲ್ಲ. ಆ ಏಜೆಂಟು ವಿಸಿಟ್ ವೀಸಾ ಅನ್ನುತ್ತಿರುವುದು ಇದನ್ನು ತಪ್ಪಿಸುವುದಕ್ಕೇ. ಸರಿಯಾಗಿ ಹೋದರೆ 275 ರೂಪಾಯಿಗೆ ಎರಡು ವರ್ಷ ಹತ್ತು ಲಕ್ಷದ ವಿಮೆಯೂ ಇರುತ್ತದೆ. ಏಣಿ ಹತ್ತಿ ಕರೆಂಟ್ ಮುಟ್ಟುವವನಿಗೆ ಅದು ಸಣ್ಣದಲ್ಲ.

ಇನ್ನು ಆಫರ್ ಲೆಟರ್. ಅದು ಅಲ್ಲಿನ ಕಾರ್ಮಿಕ ಇಲಾಖೆಯದೇ ನಮೂನೆಯಲ್ಲಿರಬೇಕು. ಅರಬ್ಬಿ, ಇಂಗ್ಲಿಷ್ ಜೊತೆಗೆ ಇನ್ನೊಂದು ಭಾಷೆಯಲ್ಲೂ ಕೊಡುತ್ತಾರೆ. ಹಿಂದಿ, ತಮಿಳು, ಮಲಯಾಳಂ ಎಲ್ಲ ಇವೆ, ನಮ್ಮ ಕನ್ನಡ ಮಾತ್ರ ಇಲ್ಲ ನೋಡು. ಇರಲಿ, ನಿನ್ನ ಹೆಂಡತಿ ಕೆಜಿಎಫ್‌ನವಳು, ತಮಿಳು ಓದಲು ಬರುತ್ತದೆ ಅಲ್ವಾ? ಅವಳ ಕೈಯಲ್ಲೇ ಓದಿಸು. ಕೆಲಸದ ಹೆಸರು ವೈರ್‌ಮನ್ ಅಂತಲೇ ಇದೆಯಾ ನೋಡು. ಮೂಲ ಸಂಬಳ ಬೇರೆ, ಭತ್ಯೆ ಬೇರೆ. ಕೊನೆಗೆ ಸಿಗುವ ಗ್ರಾಚ್ಯುಟಿ ಲೆಕ್ಕ ಮೂಲ ಸಂಬಳದ ಮೇಲೆ ಮಾತ್ರ.

ಭಾನುವಾರ ಬಾ. ಆ ಏಜೆಂಟನ ಲೈಸೆನ್ಸ್ ನಂಬರ್ ಕೇಳಿಕೊಂಡು ಬಾ, ನನ್ನ ಮಗಳು ಪೋರ್ಟಲ್‌ನಲ್ಲಿ ಹುಡುಕುತ್ತಾಳೆ. ಪಾಸ್‌ಪೋರ್ಟ್ ಅವನ ಕೈಗೆ ಕೊಟ್ಟಿದ್ದರೆ ಇವತ್ತೇ ಹೋಗಿ ಇಸ್ಕೋ.

ನಿನ್ನ ಸೋದರಮಾವ