ಮೆಲ್ಬರ್ನ್ ಕಪ್: ಕುದುರೆ ಹೊತ್ತ ತೂಕವನ್ನೂ ಬರೆಯಿರಿ

ಮಾನ್ಯರೇ,

ನವೆಂಬರ್‌ನ ಮೊದಲ ಮಂಗಳವಾರ ಆಸ್ಟ್ರೇಲಿಯಾದ ಫ್ಲೆಮಿಂಗ್ಟನ್‌ನಲ್ಲಿ ನಡೆಯುವ ಮೆಲ್ಬರ್ನ್ ಕಪ್ ಕುದುರೆ ಓಟದ ಸುದ್ದಿಯಲ್ಲಿ ಗೆದ್ದ ಕುದುರೆ, ಜಾಕಿ, ಬಹುಮಾನದ ಮೊತ್ತ ಎಲ್ಲ ಇರುತ್ತದೆ. ಕುದುರೆ ಹೊತ್ತ ತೂಕ ಮಾತ್ರ ಇರುವುದಿಲ್ಲ. ಇದು ಹ್ಯಾಂಡಿಕ್ಯಾಪ್ ರೇಸ್. ಬಲವಾದ ಕುದುರೆಗೆ ಹೆಚ್ಚು, ಸಾಧಾರಣದ್ದಕ್ಕೆ ಕಡಿಮೆ ತೂಕ ಹೊರಿಸಿ 3200 ಮೀಟರ್ ಓಡಿಸುತ್ತಾರೆ. ತೂಕ ಗೊತ್ತಿಲ್ಲದೆ ಆ ಗೆಲುವು ಎಷ್ಟು ದೊಡ್ಡದೆಂದು ಅಳೆಯಲಾಗದು.

ಕುದುರೆಗೆ 55 ಕಿಲೋ ಗೊತ್ತುಮಾಡಿದ್ದು, ಜಾಕಿ ಜೀನು ಸಮೇತ 52 ಕಿಲೋ ತೂಗಿದರೆ, ಉಳಿದ 3 ಕಿಲೋಗೆ ಸೀಸದ ತಗಡುಗಳನ್ನು ಜೀನಿನಡಿಯ ಬಟ್ಟೆಯ ಜೇಬುಗಳಲ್ಲಿ ಇಡುತ್ತಾರೆ. ಓಟ ಮುಗಿದ ಮೇಲೆ ಜಾಕಿ ಜೀನು ಬಿಚ್ಚಿಕೊಂಡು ಬಂದು ಮತ್ತೆ ತೂಕಕ್ಕೆ ನಿಲ್ಲಬೇಕು. ತೂಕ ಸರಿಯಿದೆ ಎಂದು ಸಾರುವವರೆಗೆ ಫಲಿತಾಂಶ ಅಂತಿಮವಲ್ಲ.

ಫಾರ್ ಲ್ಯಾಪ್ ಎಂಬ ಕುದುರೆಯ ಕತೆ ನೋಡಿ. 1930ರಲ್ಲಿ ಸುಮಾರು 62.5 ಕಿಲೋ ಹೊತ್ತು ಗೆದ್ದಿತು. ಮರುವರ್ಷ ಅದಕ್ಕೆ 68 ಕಿಲೋ ಹೇರಿದರು, ಎಂಟನೆಯದಾಗಿ ಬಂತು. ಗೆದ್ದ ವೈಟ್ ನೋಸ್ ಹೊತ್ತದ್ದು ಸುಮಾರು 43.5 ಕಿಲೋ. 24 ಕಿಲೋಗೂ ಮಿಕ್ಕಿದ ಈ ಅಂತರವನ್ನು ಬಿಟ್ಟು 'ಫಾರ್ ಲ್ಯಾಪ್ ಸೋತಿತು' ಎಂದಷ್ಟೇ ಬರೆದರೆ ಆ ಕುದುರೆಗೆ ಅನ್ಯಾಯ. 1890ರಲ್ಲಿ 39 ಕುದುರೆಗಳ ನಡುವೆ ಕಾರ್ಬೈನ್ ಸುಮಾರು 66 ಕಿಲೋ ಹೊತ್ತು ಗೆದ್ದದ್ದು ಎಂಥ ಸಾಧನೆ ಎಂಬುದೂ ಆಗಲೇ ಅರ್ಥವಾಗುತ್ತದೆ. ಮಕೈಬಿ ದೀವಾ ಎಂಬ ಹೆಣ್ಣುಕುದುರೆ 2003ರಿಂದ ಸತತ ಮೂರು ಸಲ ಗೆದ್ದಿತಲ್ಲ, ಅದು ಹೊತ್ತ ತೂಕ 51, 55.5, 58 ಕಿಲೋ ಹೀಗೆ ಏರುತ್ತಲೇ ಹೋಗಿತ್ತು.

ಇನ್ನೊಂದು ವಿಷಯ. 1861ರ ಮೊದಲ ಕಪ್ ಗೆದ್ದ ಆರ್ಚರ್ ಎಂಬ ಕುದುರೆ, ನ್ಯೂ ಸೌತ್ ವೇಲ್ಸ್‌ನ ನೌರಾದಿಂದ 800 ಕಿಲೋಮೀಟರ್ ನಡೆದೇ ಬಂದಿತ್ತು ಎಂಬ ಮಾತು ಇಂದಿಗೂ ಚಲಾವಣೆಯಲ್ಲಿದೆ. ಅದು ಬಂದದ್ದು ಉಗಿಹಡಗಿನಲ್ಲಿ. 1862ರಲ್ಲೂ ಅದೇ ಗೆದ್ದಿತು. 1863ರಲ್ಲಿ ಅದಕ್ಕೆ 71 ಕಿಲೋ ದಾಟಿದ ತೂಕ ಗೊತ್ತುಮಾಡಿದ್ದರು. ಆದರೂ ತರಬೇತುದಾರ ಎಟಿಯೆನ್ ಡಿ ಮೆಸ್ಟ್ರೆ ಓಡಿಸಲು ಒಪ್ಪಿ ತಂತಿ ಕಳಿಸಿದರು. ಅಂದು ಮೆಲ್ಬರ್ನ್‌ನಲ್ಲಿ ಸಾರ್ವಜನಿಕ ರಜೆ. ತಂತಿ ತಡವಾಗಿ ತಲುಪಿತು, ಪ್ರವೇಶ ಸಿಗಲಿಲ್ಲ. ಇದನ್ನು ಪ್ರತಿಭಟಿಸಿ ಬೇರೆ ಪ್ರಾಂತ್ಯಗಳ ಕುದುರೆ ಮಾಲೀಕರು ಹಿಂದೆ ಸರಿದಾಗ ಆ ವರ್ಷ ಓಡಿದ್ದು ಏಳೇ ಕುದುರೆಗಳು.

ಮುಂದಿನ ವರದಿಯಲ್ಲಿ ಮೊದಲ ಮೂರು ಕುದುರೆಗಳ ಹೆಸರಿನ ಪಕ್ಕ ಕಿಲೋ ಲೆಕ್ಕ ಹಾಕಿಸಿ. ಅದಕ್ಕೆ ಒಂದು ಸಾಲು ಸಾಕು.

— ಓದುಗ, ಮೈಸೂರು