ದರಪಟ್ಟಿಗಿಂತ ಮೊದಲು ಮಾತ್ರೆಗಳ ಪಟ್ಟಿ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರಿಗೆ ನಮಸ್ಕಾರಗಳು.

ನ್ಯೂಜೆರ್ಸಿಯ ನಮ್ಮ ಈ ಸಣ್ಣ ಏಜೆನ್ಸಿಯ ಮೂಲಕ ತಮ್ಮ ಹೆಸರಿನಲ್ಲೋ ತಂದೆತಾಯಿಯರ ಹೆಸರಿನಲ್ಲೋ ಅಂತ್ಯಕ್ರಿಯೆಯ ಖರ್ಚಿನ ವಿಮೆಯನ್ನು, ಅಂದರೆ ಇಲ್ಲಿ ಫೈನಲ್ ಎಕ್ಸ್‌ಪೆನ್ಸ್ ಎಂದು ಕರೆಯುವ ಪಾಲಿಸಿಯನ್ನು ಮಾಡಿಸಿರುವ ಮತ್ತು ಮಾಡಿಸಬೇಕೆಂದಿರುವ ಎಲ್ಲರಿಗೂ ಒಂದು ಬದಲಾವಣೆಯನ್ನು ತಿಳಿಸಲು ಈ ಪತ್ರ ಬರೆಯುತ್ತಿದ್ದೇವೆ. ಇದುವರೆಗೆ ಯಾರೇ ಫೋನ್ ಮಾಡಿದರೂ ವಯಸ್ಸು ಮತ್ತು ಮೊತ್ತ ಕೇಳಿಕೊಂಡು, ಏಳೆಂಟು ಕಂಪನಿಗಳ ಕಂತುಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸಿ, ಅದೇ ದಿನ ವಾಟ್ಸಾಪಿನಲ್ಲಿ ಕಳಿಸುತ್ತಿದ್ದೆವು. ಮುಂದಿನ ತಿಂಗಳ 1ರಿಂದ ಆ ಪಟ್ಟಿಯನ್ನು ನಿಲ್ಲಿಸುತ್ತಿದ್ದೇವೆ. ತೆಗೆದುಕೊಳ್ಳುತ್ತಿರುವ ಔಷಧಿಗಳ ವಿವರ ಪಡೆದು, ಯಾವ ಕಂಪನಿ ಯಾವ ಷರತ್ತಿನಲ್ಲಿ ಒಪ್ಪಬಹುದೆಂದು ನೋಡಿದ ಮೇಲೆ, ಹೆಚ್ಚೆಂದರೆ ಮೂರು ಕಂಪನಿಗಳ ದರವನ್ನು, ಪ್ರತಿಯೊಂದರಲ್ಲೂ ನಮಗೆ ಸಿಗುವ ಕಮಿಷನ್ ಎಷ್ಟೆಂಬುದರ ಸಮೇತ ತಿಳಿಸುತ್ತೇವೆ.

ಈ ನಿರ್ಧಾರಕ್ಕೆ ನಮ್ಮದೇ ಒಂದು ತಪ್ಪು ಕಾರಣ. 71 ವರ್ಷದ ತಾಯಿಯೊಬ್ಬರಿಗೆ 10,000 ಡಾಲರಿನ ಪಾಲಿಸಿ ಬೇಕಿತ್ತು. ಪಟ್ಟಿಯ ಮೊದಲ ಸಾಲಿನಲ್ಲಿ ತಿಂಗಳ ಕಂತು 54 ಡಾಲರ್, ಎರಡನೆಯದರಲ್ಲಿ 59. ಮಗ 54ನ್ನೇ ಆರಿಸಿದರು, ನಾವೂ ಹೂಂ ಎಂದೆವು. ಈ ಬಗೆಯ ಪಾಲಿಸಿಗೆ ವೈದ್ಯಕೀಯ ತಪಾಸಣೆ ಇರುವುದಿಲ್ಲ. ಬದಲಿಗೆ ಕಂಪನಿಯು ಫಾರ್ಮಸಿಗಳ ದಾಖಲೆ ತೆಗೆದು ನೋಡುತ್ತದೆ. ಸರ್ಪಸುತ್ತಿನ ನೋವಿಗೆಂದು ವೈದ್ಯರು ಹಿಂದೊಮ್ಮೆ ಕೊಟ್ಟಿದ್ದ ಗ್ಯಾಬಪೆಂಟಿನ್ ಅಲ್ಲಿ ಕಂಡಿತು. ಅವರಿಗೆ ಸಕ್ಕರೆ ಕಾಯಿಲೆಯೂ ಇದ್ದುದರಿಂದ ಕಂಪನಿ ಆ ಮಾತ್ರೆಯನ್ನು ಸಕ್ಕರೆಯಿಂದಾದ ನರದ ತೊಂದರೆಯೆಂದೇ ಓದಿಕೊಂಡು, ಆರಂಭದ ವರ್ಷಗಳಲ್ಲಿ ಪೂರ್ಣ ಮೊತ್ತ ಕೊಡದ ಗ್ರೇಡೆಡ್ ಪಾಲಿಸಿಯನ್ನು 76 ಡಾಲರಿಗೆ ಮುಂದಿಟ್ಟಿತು. 59 ಡಾಲರಿನ ಕಂಪನಿಯ ಅರ್ಜಿಯಲ್ಲಿ ನರದ ತೊಂದರೆಯ ಪ್ರಶ್ನೆಯೇ ಇರಲಿಲ್ಲ. ಕೊನೆಗೆ ಅಲ್ಲಿಯೇ ಪಾಲಿಸಿ ಆಯಿತು, ಆದರೆ 62 ಡಾಲರಿಗೆ. ಕೆಲವು ಕಂಪನಿಗಳು ತುಂಬಿದ ವಯಸ್ಸನ್ನು ಹಿಡಿದರೆ, ಇನ್ನು ಕೆಲವು ಹತ್ತಿರದ ಹುಟ್ಟುಹಬ್ಬದ ಲೆಕ್ಕದಲ್ಲಿ ಆರು ತಿಂಗಳು ಮೊದಲೇ ಒಂದು ವರ್ಷ ಕೂಡಿಸಿಕೊಳ್ಳುತ್ತವೆ. ನಾವು ಮೊದಲ ಕಂಪನಿಯೊಂದಿಗೆ ಪತ್ರವ್ಯವಹಾರ ನಡೆಸುತ್ತಿದ್ದಾಗಲೇ ಆ ತಾಯಿಗೆ ಹೀಗೆ ಒಂದು ವರ್ಷ ಕೂಡುವ ದಿನ ದಾಟಿಹೋಗಿತ್ತು. ತಿಂಗಳಿಗೆ 3 ಡಾಲರ್ ದೊಡ್ಡ ಮೊತ್ತವಲ್ಲ, ಆದರೆ ಅದನ್ನು ಅವರು ಇರುವಷ್ಟು ಕಾಲವೂ ಕಟ್ಟಬೇಕು.

ಗ್ರೇಡೆಡ್ ಪಾಲಿಸಿಯಲ್ಲಿ ಮೊದಲ ಎರಡು ವರ್ಷಗಳೊಳಗೆ ಕಾಯಿಲೆಯಿಂದ ಮರಣವಾದರೆ ಪೂರ್ಣ ಮೊತ್ತ ಬರುವುದಿಲ್ಲ. ಕಂಪನಿಯನ್ನು ಅನುಸರಿಸಿ ಮೊದಲ ವರ್ಷ ಶೇ. 30 ಅಥವಾ 40, ಎರಡನೆಯ ವರ್ಷ ಶೇ. 70ರ ಆಸುಪಾಸು ಬರುತ್ತದೆ. ಇನ್ನು ಕೆಲವೆಡೆ ಕಟ್ಟಿದ ಕಂತಿಗೆ ಶೇ. 10 ಸೇರಿಸಿ ಹಿಂದಿರುಗಿಸಿ ಕೈತೊಳೆದುಕೊಳ್ಳುತ್ತಾರೆ. ಮೊದಲ ದಿನದಿಂದಲೇ ಪೂರ್ಣ ರಕ್ಷಣೆ ಕೊಡುವ ಪಾಲಿಸಿಗೆ ತಿಂಗಳಿಗೆ 5 ಡಾಲರ್ ಹೆಚ್ಚು ಕೊಟ್ಟರೆ ಎರಡು ವರ್ಷಕ್ಕೆ ಆಗುವುದು 120 ಡಾಲರ್; ಮೊದಲ ವರ್ಷದಲ್ಲೇ ಕೆಟ್ಟದ್ದು ನಡೆದರೆ 10,000ಕ್ಕೂ 3,000ಕ್ಕೂ ಇರುವ ಅಂತರ 7,000. ಆದ್ದರಿಂದ ಏಜೆಂಟರು ಮೊದಲು ನೋಡಬೇಕಾದದ್ದು ಆರೋಗ್ಯಕ್ಕೆ ಒಪ್ಪುವ ಕಂಪನಿಯನ್ನು. ಬೆಲೆಯ ಹೋಲಿಕೆ ನಡೆಯಬೇಕಾದದ್ದು ಹಾಗೆ ಒಪ್ಪುವ ಕಂಪನಿಗಳ ನಡುವೆ ಮಾತ್ರ.

ಹೊಗೆಸೊಪ್ಪಿನ ವಿಷಯವೂ ಹಾಗೆಯೇ. ಊಟದ ನಂತರ ಎಲೆ ಅಡಿಕೆಯ ಜೊತೆ ಚೂರು ಹೊಗೆಸೊಪ್ಪು ಹಾಕಿಕೊಳ್ಳುವ ಹಿರಿಯರು ತಮ್ಮನ್ನು ತಂಬಾಕು ಸೇವಿಸುವವರೆಂದು ಎಣಿಸುವುದೇ ಇಲ್ಲ. ಕೆಲವು ಕಂಪನಿಗಳು ಸಿಗರೇಟನ್ನಷ್ಟೇ ಕೇಳುತ್ತವೆ, ಹಲವು ಕಂಪನಿಗಳು ಕಳೆದ 12 ತಿಂಗಳಲ್ಲಿ ಯಾವುದೇ ರೂಪದ ತಂಬಾಕು ಎಂದು ಕೇಳುತ್ತವೆ. ದಯವಿಟ್ಟು ಇದನ್ನು ನಮ್ಮಿಂದ ಮುಚ್ಚಿಡಬೇಡಿ. ಊರಿನಿಂದ ತರಿಸಿಕೊಂಡ ಮಾತ್ರೆಗಳನ್ನೂ ಹೇಳಿ. ಬೆಂಗಳೂರಿನ ಔಷಧಿ ಅಂಗಡಿಯಲ್ಲಿ ಕೊಂಡದ್ದು ಇಲ್ಲಿನ ದಾಖಲೆಯಲ್ಲಿ ಕಾಣದಿರಬಹುದು. ಆದರೆ ಮೊದಲ ಎರಡು ವರ್ಷಗಳಲ್ಲಿ ಮರಣವಾದರೆ ಅರ್ಜಿಯ ಉತ್ತರಗಳನ್ನು ಕೆದಕಿ ನೋಡುವ, ತಪ್ಪು ಮಾಹಿತಿ ಸಿಕ್ಕರೆ ಕ್ಲೇಮನ್ನು ನಿರಾಕರಿಸುವ ಅಧಿಕಾರ ಕಂಪನಿಗಿದೆ.

ಚೌಕಾಸಿಯ ಬಗ್ಗೆಯೂ ಎರಡು ಮಾತು. ಕಂಪನಿಗಳು ತಮ್ಮ ದರವನ್ನು ಮೊದಲೇ ಗೊತ್ತುಪಡಿಸಿರುವುದರಿಂದ, ಅದೇ ಆರೋಗ್ಯಕ್ಕೆ ಅದೇ ಪಾಲಿಸಿಯನ್ನು ಬೇರೆ ಏಜೆಂಟರು ಅಗ್ಗವಾಗಿ ಕೊಡಲಾರರು. ಕಮಿಷನ್ನಿನಲ್ಲಿ ಸ್ವಲ್ಪ ಬಿಟ್ಟುಕೊಡಿ ಎಂದು ಕೇಳುವವರಿದ್ದಾರೆ. ನ್ಯೂಜೆರ್ಸಿಯ ಕಾನೂನು ಇದನ್ನು ಒಪ್ಪುವುದಿಲ್ಲ. ಭಾರತದಲ್ಲಿಯೂ 1938ರ ವಿಮಾ ಕಾಯ್ದೆಯ 41ನೇ ಕಲಮು ಇದನ್ನು ನಿಷೇಧಿಸಿದೆ, ಮೊದಲ ಕಂತನ್ನು ಏಜೆಂಟರೇ ಕಟ್ಟಿದ ಕಥೆಗಳು ನಮ್ಮೂರಿನಲ್ಲಿ ಎಷ್ಟೇ ಇರಲಿ. ಕಮಿಷನ್ ಕಂಪನಿಯಿಂದ ಕಂಪನಿಗೆ ಬೇರೆ, ಕಂತು ಹೆಚ್ಚಾದಷ್ಟೂ ನಮಗೆ ಬರುವುದೂ ಹೆಚ್ಚು. ನಮ್ಮ ಸಲಹೆಯ ಹಿಂದೆ ಈ ಆಸೆ ಇದೆಯೇ ಎಂದು ಅನುಮಾನಿಸುವ ಹಕ್ಕು ತಮಗಿದೆ. ಅದಕ್ಕಾಗಿಯೇ ಆ ಅಂಕಿಯನ್ನು ಇನ್ನು ತಮ್ಮ ಮುಂದಿಡುತ್ತೇವೆ.

ಟಿವಿಯಲ್ಲಿ ಬರುವ ತಿಂಗಳಿಗೆ 9.95 ಡಾಲರಿನ ಜಾಹೀರಾತನ್ನು ತೋರಿಸಿ ಕೇಳುವವರಿಗೆ ಒಂದೇ ಉತ್ತರ: ಅದು ಒಂದು ಯೂನಿಟ್ಟಿನ ಬೆಲೆ, ಒಂದು ಯೂನಿಟ್ಟಿಗೆ ಎಷ್ಟು ಮೊತ್ತವೆಂಬುದು ವಯಸ್ಸನ್ನು ಅವಲಂಬಿಸಿದೆ, ವಯಸ್ಸಾದಷ್ಟೂ ಆ ಮೊತ್ತ ಕುಗ್ಗುತ್ತದೆ. ಐದು ವರ್ಷಕ್ಕೊಮ್ಮೆ ಕಂತು ಏರಿ 80ಕ್ಕೆ ಮುಗಿದುಹೋಗುವ ಅಗ್ಗದ ಟರ್ಮ್ ಪಾಲಿಸಿಗಳನ್ನು ಈ ಉದ್ದೇಶಕ್ಕೆ ನಾವು ಮಾರುವುದಿಲ್ಲ.

ಕಂತು ಎಷ್ಟೆಂಬುದರಷ್ಟೇ ಮುಖ್ಯ, ಅದು ಯಾವ ದಿನ ಬ್ಯಾಂಕಿನಿಂದ ಹೋಗುತ್ತದೆಂಬುದು. ಸೋಷಿಯಲ್ ಸೆಕ್ಯುರಿಟಿ ಹಣ, ಅಂದರೆ ಇಲ್ಲಿನ ಸರ್ಕಾರಿ ಪಿಂಚಣಿ, ಹೆಚ್ಚಿನವರಿಗೆ ಹುಟ್ಟಿದ ತಾರೀಖಿನ ಪ್ರಕಾರ ತಿಂಗಳ ಎರಡನೆಯ, ಮೂರನೆಯ ಅಥವಾ ನಾಲ್ಕನೆಯ ಬುಧವಾರ ಬರುತ್ತದೆ. 1ನೇ ತಾರೀಖು ಕಂತು ಎಳೆಯುವ ಕಂಪನಿಯಾದರೆ ಖಾತೆಯಲ್ಲಿ ದುಡ್ಡಿಲ್ಲದೆ ಪಾಲಿಸಿ ಲ್ಯಾಪ್ಸ್ ಆಗುವ, ಅಂದರೆ ಕಂತು ಕಟ್ಟದೆ ರದ್ದಾಗುವ ಅಪಾಯವಿದೆ. ಆ ಬುಧವಾರಕ್ಕೇ ಕಂತನ್ನು ಹೊಂದಿಸುವ ಕಂಪನಿ ಒಂದೆರಡು ಡಾಲರ್ ದುಬಾರಿಯಾದರೂ ಅದನ್ನೇ ಸೂಚಿಸುತ್ತೇವೆ.

ಇನ್ನು ಮೊತ್ತ. ರಾಷ್ಟ್ರೀಯ ಫ್ಯೂನರಲ್ ನಿರ್ದೇಶಕರ ಸಂಘದ ಪ್ರಕಾರ 2023ರಲ್ಲಿ ಅಂತಿಮ ದರ್ಶನ ಸಹಿತ ದಹನದ ಮಧ್ಯಮ ವೆಚ್ಚ 6,280 ಡಾಲರ್, ಹೂಳುವುದಾದರೆ 8,300 ಡಾಲರ್. ಸೋಷಿಯಲ್ ಸೆಕ್ಯುರಿಟಿ ಕೊಡುವ ಒಂದು ಬಾರಿಯ ಮರಣ ಸಹಾಯ 255 ಡಾಲರ್ ಮಾತ್ರ. ನಮ್ಮವರಲ್ಲಿ ಹೆಚ್ಚಿನವರು ದಹನವನ್ನೇ ಆರಿಸುವುದರಿಂದ 20,000ದ ಪಾಲಿಸಿ ಕೇಳುವ ಮೊದಲು ಹತ್ತಿರದ ಫ್ಯೂನರಲ್ ಹೋಮಿಗೆ ಫೋನ್ ಮಾಡಿ ದರ ಕೇಳಿ. ಫೋನಿನಲ್ಲಿ ದರ ಹೇಳುವುದು ಫೆಡರಲ್ ನಿಯಮದಂತೆ ಅವರ ಕರ್ತವ್ಯ. ಕಂಪನಿ ಬದಲಿಸುವುದಕ್ಕಿಂತ ಮೊತ್ತ ಇಳಿಸುವುದರಿಂದ ಉಳಿಯುವ ಹಣ ಹೆಚ್ಚು.

ಈಗಾಗಲೇ ಪಾಲಿಸಿ ಇರುವವರು ಏನೂ ಮಾಡಬೇಕಾಗಿಲ್ಲ. ಕಂತು ಏರುವುದಿಲ್ಲ, ಮೊತ್ತ ಇಳಿಯುವುದಿಲ್ಲ. ಅಗ್ಗವೆಂದು ಯಾರಾದರೂ ಹೊಸ ಪಾಲಿಸಿ ತೋರಿಸಿದರೆ, ಹಳೆಯದನ್ನು ಬಿಡುವ ಮೊದಲು ನಮ್ಮೊಡನೆ ಒಮ್ಮೆ ಮಾತನಾಡಿ. ಹೊಸದಕ್ಕೆ ಈಗಿನ ವಯಸ್ಸಿನ ದರ ಬೀಳುತ್ತದೆ, ಆ ಎರಡು ವರ್ಷಗಳ ಗಡುವೂ ಮೊದಲಿನಿಂದ ಶುರುವಾಗುತ್ತದೆ. ಊರಿಗೆ ಹೋದಾಗ ಅಲ್ಲಿಯೇ ಮರಣವಾದರೆ 21 ದಿನಗಳೊಳಗೆ ನೋಂದಣಿ ಮಾಡಿಸಿ ಮರಣ ಪ್ರಮಾಣಪತ್ರದ ಹಲವು ಪ್ರತಿಗಳನ್ನು ಪಡೆಯಿರಿ, ಅಮೆರಿಕದ ಪ್ರಜೆಯಾಗಿದ್ದರೆ ಕಾನ್ಸುಲೇಟಿನಿಂದಲೂ ವರದಿ ಪಡೆಯಿರಿ.

ಹೊಸದಾಗಿ ದರ ಕೇಳುವವರು ಮನೆಯಲ್ಲಿರುವ ಎಲ್ಲ ಮಾತ್ರೆ ಡಬ್ಬಿಗಳನ್ನೂ ಊಟದ ಮೇಜಿನ ಮೇಲೆ ಸಾಲಾಗಿಟ್ಟು, ಚೀಟಿ ಕಾಣುವಂತೆ ಫೋಟೋ ತೆಗೆದು ಕಳಿಸಿ. ಈ ಮಾತೆತ್ತಿದರೆ ‘ಬಿಡ್ತು ಅನ್ನಿ’ ಎನ್ನುವ ಅಮ್ಮಂದಿರಿದ್ದರೆ ಅವರೊಡನೆ ಕನ್ನಡದಲ್ಲಿ ಮಾತನಾಡಲು ನಾವು ಸಿದ್ಧ. ದರ ತಿಳಿಸಲು ಇನ್ನು ಒಂದು ದಿನದ ಬದಲು ಮೂರು ದಿನ ಹಿಡಿಯುತ್ತದೆ. ಆ ವಿಳಂಬಕ್ಕೆ ಕ್ಷಮೆ ಇರಲಿ.

ಇತಿ ತಮ್ಮ ವಿಶ್ವಾಸಿಗಳು,
ಏಜೆನ್ಸಿಯ ಪರವಾಗಿ